ಮೊಟ್ಟೆಯಮ್ಮನ ಮೂಗು

ಮೊಟ್ಟೆಯಮ್ಮನ ಮೂಗು ಯಾವಾಗಿನಿಂದ ಕಟ್ಟಿಕೊಂಡಿತ್ತೋ ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಮಗನ ಮದುವೆಗೆ ಮುಂಚೆ ಒಂದು ಚಳಿಗಾಲದಲ್ಲಿ ನೆಗಡಿ ಬಂದಿತ್ತಂತೆ. ಮೆಡಿಕಲ್ ಶಾಪಿನವನು ಬೆರಳುದ್ದದ ಒಂದು ಬಾಟ್ಲಿ ಕೊಟ್ಟನಂತೆ. ಎರಡು ಹನಿ ಬಿಟ್ಟುಕೊಂಡರೆ ಬೀಗ ತೆಗೆದ ಹಾಗೆ ಮೂಗು ಬಿಟ್ಟಿತಂತೆ. ನೆಗಡಿ ಹೋಯಿತು, ಬಾಟ್ಲಿ ಉಳಿಯಿತು. ಮಾರುಕಟ್ಟೆಗೆ ಹೊರಡುವ ಮುಂಚೆ ಎರಡು ಹನಿ, ಮೊಟ್ಟೆಯ ಟ್ರೇಗಳನ್ನು ಇಳಿಸಿಕೊಂಡ ಮೇಲೆ ಎರಡು ಹನಿ, ಊಟಕ್ಕೆ ಕೂರುವಾಗ, ದಿಂಬಿಗೆ ತಲೆ ಕೊಡುವಾಗ. ಸೊಂಟದ ಚೀಲದಲ್ಲಿ ಚಿಲ್ಲರೆಯಿಲ್ಲದೆ ಹೊರಟಾಳು, ಬಾಟ್ಲಿಯಿಲ್ಲದೆ ಹೊರಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ?" ಎಂದು ಗಾದೆ ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಗಂಡನದು ಬೀದಿಯ ತಿರುವಿನಲ್ಲಿ ಎರಡು ಕುರ್ಚಿಗಳ ಕ್ಷೌರದ ಅಂಗಡಿ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯಲು ಬಂದ ಗಂಡಸರು ಅವಳ ಒಂದು "ಹೂಂ" ಕೇಳಿದರೆ ಸಾಕು, ಬ್ರೇಕ್ ಒತ್ತುತ್ತಿದ್ದರು. ಹೆರಿಗೆ ರಜೆ ಮುಗಿಸಿ ಅವಳು ಕೆಲಸಕ್ಕೆ ಮರಳಿದ ಮೇಲೆ ಹಸುಗೂಸು ಗುಬ್ಬಿಯನ್ನು ನೋಡಿಕೊಳ್ಳುವ ಭಾರ ಮೊಟ್ಟೆಯಮ್ಮನದಾಯಿತು. ಭಾರವೇನು ಬಂತು, ಅದು ಅವಳ ಸಡಗರ. ಬೆಳಗಿನ ವ್ಯಾಪಾರ ಮುಗಿಸಿ ಮನೆಗೆ ಓಡಿ ಬಂದು ಕೂಸನ್ನು ಎತ್ತಿಕೊಂಡರೆ ಮತ್ತೆ ಕೆಳಗಿಡುತ್ತಿರಲಿಲ್ಲ.

ಹಾಗಿರುವಾಗ ಗುಬ್ಬಿಗೆ ನೆಗಡಿ ಬಂತು. ಮೂಗು ಕಟ್ಟಿದ ಕೂಸಿಗೆ ಹಾಲು ಕುಡಿಯುವುದೆಂದರೆ ನೀರಲ್ಲಿ ಮುಳುಗುತ್ತಾ ಊಟ ಮಾಡಿದ ಹಾಗೆ. ಒಂದು ಗುಟುಕು ಎಳೆಯುವುದು, ಉಸಿರಿಗೆ ಬಾಯಿ ಬಿಡುವುದು, ಅಳುವುದು. ಮಧ್ಯಾಹ್ನವೆಲ್ಲ ಹಸಿದು ಅತ್ತು ಅತ್ತು ಗುಬ್ಬಿಯ ಮುಖ ಕೆಂಪಾಯಿತು. ಆ ಸಂಕಟ ಏನೆಂದು ಮೊಟ್ಟೆಯಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೊಂಟದಿಂದ ಬಾಟ್ಲಿ ತೆಗೆದಳು. ಎಳೆಯ ಹೊಳ್ಳೆಗಳಿಗೆ ಒಂದೊಂದು ಹನಿ ಬಿಟ್ಟಳು.

ಮೂಗು ಬಿಟ್ಟಿತು. ಗುಬ್ಬಿ ಹಾಲು ಕುಡಿದು ಮಲಗಿತು. ಸಂಜೆ ಸೊಸೆ ಬಂದಾಗಲೂ ಮಲಗಿಯೇ ಇತ್ತು. ಎತ್ತಿಕೊಂಡರೆ ಕತ್ತು ಜೋತುಬಿತ್ತು. ಕೆನ್ನೆ ತಟ್ಟಿದರೂ ಕಣ್ಣು ಬಿಡಲಿಲ್ಲ.

ಆಮೇಲಿನದೆಲ್ಲ ಓಟವೇ. ಸೊಸೆ ಸ್ಕೂಲಿನ ಕಾರನ್ನೇ ಆಸ್ಪತ್ರೆಗೆ ಓಡಿಸಿದಳು. ಡಾಕ್ಟರಮ್ಮ ಕೂಸಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾ, "ಏನಾದ್ರೂ ಔಷಧಿ ಕೊಟ್ರಾ?" ಎಂದರು.

"ಏನೂ ಇಲ್ಲ ಡಾಕ್ಟ್ರೇ," ಎಂದಳು ಸೊಸೆ.

"ಕೊಟ್ಟಿದೀನಿ," ಎಂದಳು ಹಿಂದೆ ನಿಂತಿದ್ದ ಮೊಟ್ಟೆಯಮ್ಮ. ಸೊಂಟದಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟಳು. "ನಾನೇ. ಇದೇ. ಎರಡೂ ಹೊಳ್ಳೆಗೆ."

ಅವಳು ಹೇಳಿದ್ದು ಒಳ್ಳೆಯದಾಯಿತು. ಯಾವುದರಿಂದ ಹೀಗಾಗಿದೆ ಎಂದು ತಿಳಿದ ಮೇಲೆ ಡಾಕ್ಟರಮ್ಮ ತಡಕಾಡಲಿಲ್ಲ. ಮರುದಿನ ಬೆಳಿಗ್ಗೆ ಗುಬ್ಬಿ ಕಣ್ಣು ಬಿಟ್ಟು, ಆಸ್ಪತ್ರೆಯೇ ಎದ್ದು ಕೂರುವ ಹಾಗೆ ಕಿರುಚಿತು. ಆ ಕಿರುಚಾಟ ಕೇಳಿ ಮಗ ಗೋಡೆಗೆ ಹಣೆಯಿಟ್ಟು ಅತ್ತುಬಿಟ್ಟ.

ಹೊರಡುವಾಗ ಡಾಕ್ಟರಮ್ಮ ಮೊಟ್ಟೆಯಮ್ಮನನ್ನು ಕೂರಿಸಿಕೊಂಡು ಹೇಳಿದರು. "ಇದು ದೊಡ್ಡೋರ ಔಷಧಿ ಅಮ್ಮ, ಎಳೇ ಮಕ್ಕಳಿಗೆ ವಿಷ ಇದ್ದ ಹಾಗೆ. ದೊಡ್ಡೋರಿಗೂ ಮೂರ್ನಾಲ್ಕು ದಿನಕ್ಕೆ ಮಾತ್ರ. ನೀವು ವರ್ಷಗಟ್ಲೆ ಹಾಕ್ತಿದೀರಿ. ಈಗ ನಿಮ್ಮ ಮೂಗು ಕಟ್ತಿರೋದು ನೆಗಡಿಯಿಂದ ಅಲ್ಲ, ಈ ಬಾಟ್ಲಿಯಿಂದಾನೇ."

"ಮೂಗು ಬಿಡಿಸೋ ಔಷಧಿ ಮೂಗು ಕಟ್ಟಿಸುತ್ತಾ?" ಎಂದಳು ಮೊಟ್ಟೆಯಮ್ಮ. ನಂಬಿಕೆ ಬರಲಿಲ್ಲ.

ಮನೆಗೆ ಬಂದ ದಿನ ಊಟದ ಹೊತ್ತಿಗೆ ಸೊಸೆ ಬಾಯಿಬಿಟ್ಟಳು. ತಟ್ಟೆಯಲ್ಲಿದ್ದ ಬೇಯಿಸಿದ ಆಲೂಗಡ್ಡೆ ಹಾಗೇ ತಣ್ಣಗಾಗಿತ್ತು.

"ಅತ್ತೆ, ಆ ಬಾಟ್ಲಿ ನಿಮ್ಮ ಸೊಂಟದಲ್ಲಿ ಇರೋವರೆಗೂ ಗುಬ್ಬೀನ ನಿಮ್ಮ ಕೈಗೆ ಕೊಡಲ್ಲ."

"ಏನಂದೆ? ನಿನ್ನ ಗಂಡನ್ನ ಸಾಕಿದ್ದು ಯಾರೇ?"

"ನೀವೇ. ಅದಕ್ಕೇ ನಂಬಿ ಬಿಟ್ಟು ಹೋಗಿದ್ದು."

ಆ ಮಾತು ನಾಟಿತು. ಮೊಟ್ಟೆಯಮ್ಮ ಮಗನ ಮುಖ ನೋಡಿದಳು. ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ತಟ್ಟೆ ನೋಡುತ್ತಾ ಕೂತಿದ್ದ.

"ಆಯ್ತು ಬಿಡು," ಎಂದು ಎದ್ದಳು. "ನಿನ್ನ ಮಗು, ನಿನ್ನಿಷ್ಟ. ನನಗೇನು ಕೆಲಸ ಇಲ್ವಾ?"

ಮಗು ನೋಡಿಕೊಳ್ಳಲು ಬೇರೆ ಯಾರಿದ್ದಾರೆ? ಸೊಸೆ ಪಾಠಗಳನ್ನು ಸಂಜೆಗೆ ಹಾಕಿಸಿಕೊಂಡಳು, ಮಗ ಪಾಳಿ ಬದಲಾಯಿಸಿಕೊಂಡ. ಆದರೂ ನಡುವೆ ಒಂದಷ್ಟು ಹೊತ್ತು ಉಳಿಯುತ್ತಿತ್ತು. ಆಗ ಗುಬ್ಬಿ ತಾತನ ಅಂಗಡಿಗೆ ಹೋಗತೊಡಗಿತು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಗುಬ್ಬಿ. ಕತ್ತರಿಯ ಕಿಚಕಿಚ ಕೇಳಿದರೆ ಸುಮ್ಮನಾಗುತ್ತಿತ್ತು.

ಒಂದು ದಿನ ಮಾರುಕಟ್ಟೆಯಿಂದ ಬರುತ್ತಾ ಮೊಟ್ಟೆಯಮ್ಮ ಅಂಗಡಿಯೊಳಗೆ ಇಣುಕಿದಳು. ಮುಖದ ಅರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡಿದ್ದ ಯಾರೋ ಗಿರಾಕಿ ಗುಬ್ಬಿಯನ್ನು ಎತ್ತಿ ಆಡಿಸುತ್ತಿದ್ದ. ಗುಬ್ಬಿ ಅವನ ನೊರೆಗೆ ಕೈ ಹಾಕಿ ಕೇಕೆ ಹೊಡೆಯುತ್ತಿತ್ತು. ಕುರುಚಲು ಗಡ್ಡದ ಇನ್ನೊಬ್ಬ, "ನನಗೂ ಒಂದ್ಸಲ ಕೊಡಿ," ಎಂದು ಕೈ ಚಾಚಿದ್ದ.

ಊರವರಿಗೆಲ್ಲ ಸಿಗುವ ಕೂಸು ಅಜ್ಜಿಗೆ ಇಲ್ಲ! ಮೊಟ್ಟೆಯಮ್ಮ ಅಲ್ಲೇ ಚರಂಡಿಯ ಬಳಿ ನಿಂತು ಸೊಂಟದಿಂದ ಬಾಟ್ಲಿ ತೆಗೆದು ಎಸೆದಳು. "ಹಾಳಾಗಿ ಹೋಗು!" ಎಂದಳು.

ಮಧ್ಯಾಹ್ನ ಕಳೆಯಿತು. ಸಂಜೆಯ ಹೊತ್ತಿಗೆ ಎರಡು ಹೊಳ್ಳೆಗಳಿಗೂ ಸಿಮೆಂಟು ಮೆತ್ತಿದಂತಾಯಿತು. ಹಣೆ ಸಿಡಿಯಿತು, ಬಾಯಿ ಒಣಗಿತು. ತುತ್ತು ಬಾಯಿಗಿಟ್ಟರೆ ಉಸಿರಾಡಲು ದಾರಿಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೋಪು ತರುವ ನೆಪ ಹೇಳಿ ಮೆಡಿಕಲ್ ಶಾಪಿಗೆ ಹೋಗಿ ಹೊಸ ಬಾಟ್ಲಿ ತಂದಳು.

ಇತ್ತ ಯಜಮಾನರಿಗೆ ಬೇರೆಯದೇ ಹುರುಪು ಬಂದಿತ್ತು. ಹೆಂಡತಿ ಬಾಟ್ಲಿ ಎಸೆದದ್ದನ್ನು ಅವರು ಕನ್ನಡಿಯಲ್ಲೇ ನೋಡಿದ್ದರು. ಕ್ಷೌರದ ಕುರ್ಚಿಯಲ್ಲಿ ಕೂತವನಿಗೆ ಕತ್ತು ಅಲ್ಲಾಡಿಸಲಾಗದಿದ್ದರೂ ನಾಲಗೆ ಅಲ್ಲಾಡಿಸಬಹುದಲ್ಲ. "ನಿಮ್ಮ ಮನೇಲಿ ನೆಗಡಿಗೆ ಏನು ಮಾಡ್ತೀರಿ?" ಎಂದು ಎಲ್ಲರನ್ನೂ ಕೇಳತೊಡಗಿದರು. ದಿನಕ್ಕೊಂದು ಮದ್ದು ಮನೆಗೆ ಬಂತು.

"ಪೋಸ್ಟ್‌ಮ್ಯಾನ್ ಹೇಳಿದ್ದು ಕಣೇ, ಈರುಳ್ಳಿ ಕೊಚ್ಚಿ ಕಾಲುಚೀಲದೊಳಗೆ ಹಾಕ್ಕೊಂಡು ಮಲಗಬೇಕಂತೆ."

"ಮೂಗು ಇರೋದು ಮೇಲೆ ರೀ, ಕಾಲು ಇರೋದು ಕೆಳಗೆ."

"ಅಂತರ್ಜಲ ಇದ್ದ ಹಾಗೆ ಇರಬೇಕು, ಕೆಳಗಿಂದ ಮೇಲಕ್ಕೆ ಏರುತ್ತೆ."

ಈರುಳ್ಳಿ ಏರಲಿಲ್ಲ. ಹಾಸಿಗೆಯ ನಾತಕ್ಕೆ ಯಜಮಾನರೇ ನಡುಮನೆಗೆ ಹೋಗಿ ಮಲಗಿದರು. ಶುಂಠಿ ಕಷಾಯ, ಜೇನು, ಮೆಣಸು ಕುದಿಸಿದ ನೀರು ಒಂದಾದ ಮೇಲೊಂದು ಬಂದವು. ಗಂಟಲಿಗೆ ಹಿತವೆನಿಸಿತು, ಮೂಗಿನ ಗೋಡೆ ಮಾತ್ರ ಅಲ್ಲಾಡಲಿಲ್ಲ. ಕೊನೆಗೊಬ್ಬ ಲಾರಿ ಡ್ರೈವರ್ ಹೇಳಿದನೆಂದು ಯಜಮಾನರು ಬೆಳ್ಳುಳ್ಳಿ ಸುಲಿದು ಕೊಟ್ಟರು. ಒಂದೊಂದು ಹೊಳ್ಳೆಗೆ ಒಂದೊಂದು ಎಸಳು. ಎಡಗಡೆಯದು ಹೊರಬಂತು, ಬಲಗಡೆಯದು ಒಳಗೇ ಕೂತಿತು.

"ಹೊಸ ಬಾಡಿಗೆದಾರ ಬಂದ," ಎಂದ ಮಗ.

"ನಗಬೇಡ್ವೋ, ಉರೀತಿದೆ!"

ಯಜಮಾನರು ಅಂಗಡಿಯ ಚಿಮಟ ತಂದರು. ಸೊಸೆ ಓಡಿ ಬಂದು ಅವರ ಕೈ ಹಿಡಿದಳು. "ಮಾವ, ಬೇಡ, ಇನ್ನೂ ಒಳಗೆ ತಳ್ಳಿಬಿಡ್ತೀರಿ. ಅತ್ತೆ, ಎಡಗಡೆ ಹೊಳ್ಳೆ ಬೆರಳಲ್ಲಿ ಮುಚ್ಕೊಳ್ಳಿ. ಬಾಯಲ್ಲಿ ಉಸಿರು ಎಳ್ಕೊಂಡು ಮೂಗಲ್ಲಿ ಜೋರಾಗಿ ಊದಿ."

ಮೊಟ್ಟೆಯಮ್ಮ ಊದಿದಳು. ಬೆಳ್ಳುಳ್ಳಿ ಗುಂಡಿನಂತೆ ಹಾರಿ ಯಜಮಾನರ ಸೂಪಿನ ಬಟ್ಟಲಿಗೆ ಬಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಸೊಸೆ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆ ಹಿಡಿದುಕೊಂಡು ನಕ್ಕಳು. ಮೊಟ್ಟೆಯಮ್ಮನಿಗೆ ಅವಮಾನವಾದರೂ ಆ ನಗು ಕೇಳಿ ಎದೆಯ ಒಂದು ಗಂಟು ಸಡಿಲವಾಯಿತು.

ಆದರೆ ಅದು ಬಹಳ ದಿನ ಉಳಿಯಲಿಲ್ಲ.

ಒಂದು ಬೆಳಿಗ್ಗೆ ಸೊಸೆ ತಿಂಡಿಗೆಂದು ಅಡುಗೆಮನೆಯ ಟ್ರೇಯಿಂದ ಮೊಟ್ಟೆ ಎತ್ತಿಕೊಳ್ಳುತ್ತಿದ್ದಳು. ಮೂಲೆಯ ಗುಳಿಗೆ ಕೈ ಹಾಕಿದಾಗ ಸಿಕ್ಕಿದ್ದು ಮೊಟ್ಟೆಯಲ್ಲ. ಅವಳು ಬಂದು ಆ ಬಾಟ್ಲಿಯನ್ನು ಅತ್ತೆಯ ತಟ್ಟೆಯ ನಡುವೆ, ಬ್ರೆಡ್ಡಿನ ಮೇಲೆ ಇಟ್ಟಳು.

"ಇದನ್ನ ಯಾವ ಕೋಳಿ ಇಟ್ಟಿದ್ದು ಅತ್ತೆ?"

ಯಜಮಾನರಿಗೆ ನಗು ಒತ್ತಿ ಬಂದು ಚಹಾ ನೆತ್ತಿಗೇರಿತು. ಮಗ ಅವರ ಬೆನ್ನು ಗುದ್ದಿದ. ಮೊಟ್ಟೆಯಮ್ಮ ನಗಲಿಲ್ಲ. ತಟ್ಟೆಯನ್ನು ಆಚೆ ತಳ್ಳಿದಳು.

"ನಗ್ರಿ, ಎಲ್ಲರೂ ನಗ್ರಿ! ನನಗೇನು ಹಟ ಅನ್ಕೊಂಡ್ರಾ? ಉಸಿರು ಕಟ್ಟುತ್ತೆ ಕಣೇ. ಯಾರೋ ಮುಖದ ಮೇಲೆ ದಿಂಬು ಒತ್ತಿ ಹಿಡಿದ ಹಾಗಾಗುತ್ತೆ. ಇವತ್ತು ಬಿಡ್ತೀನಿ ಅಂತ ದಿನಾ ಬೆಳಿಗ್ಗೆ ಅಂದ್ಕೋತೀನಿ. ಸಂಜೆ ಹೊತ್ಗೆ ಸತ್ತೇ ಹೋಗ್ತೀನೇನೋ ಅಂತ ಭಯ ಆಗುತ್ತೆ. ಕೂಸಿನ ಮೂಗು ಕಟ್ಟಿದಾಗ ನನಗೆ ಆ ಭಯಾನೇ ಕಣ್ಮುಂದೆ ಬಂತು. ಅದಕ್ಕೇ ಹಾಕ್ದೆ. ಕೊಲ್ಲೋಕೆ ಹಾಕಿದ್ನಾ?"

ಗುಬ್ಬಿ ಚಾಪೆಯ ಮೇಲೆ ತನ್ನ ಕಾಲಬೆರಳು ಚೀಪುತ್ತಾ ಏನೋ ಹೇಳುತ್ತಿತ್ತು.

ಸೊಸೆ ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತಳು. ಇಷ್ಟು ದಿನ ಅವಳು ಕಂಡದ್ದು ಮೊಂಡುತನವನ್ನು. ಭಯ ಎಂಬುದು ಅವಳಿಗೆ ಚೆನ್ನಾಗಿ ಪರಿಚಯವಿದ್ದ ವಿಷಯ. ದಿನವೂ ಅವಳ ಪಕ್ಕದ ಸೀಟಿನಲ್ಲಿ ಬೆವರುತ್ತಾ ಕೂರುತ್ತಿತ್ತು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?"

"ನೀನು ಕೇಳಿದ್ಯಾ?"

"ಇಲ್ಲ," ಎಂದಳು ಸೊಸೆ. "ತಪ್ಪಾಯ್ತು. ಏಳಿ, ಡಾಕ್ಟರಮ್ಮನ ಹತ್ರ ಹೋಗೋಣ. ಇಬ್ರೂ."

ಡಾಕ್ಟರಮ್ಮ ಹೇಳಿದ ದಾರಿ ಸುಲಭವಾಗಿತ್ತು. ಎರಡೂ ಹೊಳ್ಳೆಗೆ ಒಟ್ಟಿಗೆ ಹನಿ ನಿಲ್ಲಿಸುವುದು ಬೇಡ. ಮೊದಲು ಒಂದಕ್ಕೆ ಮಾತ್ರ ಬಾಟ್ಲಿ ನಿಲ್ಲಿಸಬೇಕು. ಇನ್ನೊಂದು ತೆರೆದಿರುತ್ತದೆ, ಉಸಿರು ಕಟ್ಟುವ ಭಯವಿಲ್ಲ. ನಿಲ್ಲಿಸಿದ ಕಡೆ ತಾನಾಗಿ ಬಿಟ್ಟ ಮೇಲೆ ಇನ್ನೊಂದರ ಸರದಿ. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರಿಗೆ ಉಪ್ಪು ಕರಗಿಸಿ ಮೂಗು ತೊಳೆಯುವುದು, ಹದವಾದ ಹಬೆ, ತಲೆಯ ಕೆಳಗೆ ಎತ್ತರದ ದಿಂಬು.

"ಇಷ್ಟೇನಾ?" ಎಂದಳು ಮೊಟ್ಟೆಯಮ್ಮ.

"ಇಷ್ಟೇ. ಆದರೆ ತಾಳ್ಮೆ ಬೇಕು."

"ಅದನ್ನ ಮೆಡಿಕಲ್ ಶಾಪಲ್ಲಿ ಮಾರಲ್ಲ, ಅದೇ ಕಷ್ಟ."

ಮನೆಗೆ ಬಂದು ಸೊಸೆ ಮೇಷ್ಟ್ರಾದಳು. ಹಿತ್ತಲ ತೊಟ್ಟಿಯ ಬಳಿ ಅತ್ತೆಯನ್ನು ಬಗ್ಗಿಸಿ ನಿಲ್ಲಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ತುಂಬಿಕೊಟ್ಟಳು.

"ತಲೆ ಓರೆ ಮಾಡಿ. ಬಾಯಲ್ಲಿ ಉಸಿರಾಡ್ತಾ ಇರಿ. ಮೆಲ್ಲಗೆ ಒತ್ತಿ. ಗಾಬರಿ ಬೇಡ."

"ನೀರು ಮಿದುಳಿಗೆ ಹೋದ್ರೆ?"

"ಹೋಗಲ್ಲ. ನನ್ನ ಹತ್ರ ಬರೋರೆಲ್ಲ ಹೀಗೇ ಕೇಳ್ತಾರೆ. ಬ್ರೇಕಿನ ಮೇಲಿಂದ ಕಾಲು ತೆಗೆದ್ರೆ ಕಾರು ಹಾರಿಬಿಡುತ್ತಾ ಅಂತ. ಒತ್ತಿ."

ಒಂದು ಕಡೆಯಿಂದ ಹೋದ ನೀರು ಇನ್ನೊಂದು ಕಡೆಯಿಂದ ಬರಬೇಕಿತ್ತು. ಬರಲಿಲ್ಲ. ಬಾಯಿಂದ ಬಂತು. ಮೊಟ್ಟೆಯಮ್ಮ ಕೆಮ್ಮಿ, ಉಗಿದು, ಕಣ್ಣೀರು ಒರೆಸಿಕೊಂಡು ನೇರವಾಗಿ ನಿಂತಳು. "ಇನ್ನೊಂದ್ಸಲ ತುಂಬು," ಎಂದಳು.

ಆ ಒಂದು ಮಾತಿಗೆ ಸೊಸೆಯ ಕಣ್ಣಲ್ಲಿ ಅತ್ತೆ ಒಂದು ಮೊಳ ಎತ್ತರವಾದಳು.

ಮನೆಯ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಒಲೆಯ ಮೇಲೆ ಮೊದಲು ಕುದಿಯುವುದು ಚಹಾ ಅಲ್ಲ, ಮೂಗಿನ ನೀರು. ಒಂದು ದಿನ ಮಗ ನಿದ್ದೆಗಣ್ಣಲ್ಲಿ ಅದಕ್ಕೇ ಚಹಾಪುಡಿ ಹಾಕಿ, ಉಪ್ಪು ಚಹಾ ಕುಡಿದು ಡಿಪೋಗೆ ಹೋದ. ಸಂಜೆ ಹಬೆಯ ಪಾತ್ರೆಯನ್ನು ಗುಬ್ಬಿಯಿಂದ ದೂರ, ಹಿತ್ತಲಿನಲ್ಲೇ ಇಡಬೇಕೆಂದು ಸೊಸೆಯ ಕಟ್ಟಪ್ಪಣೆ. ಟವೆಲ್ ಹೊದ್ದು ಮೊಟ್ಟೆಯಮ್ಮ ಕೂತರೆ ಯಜಮಾನರು ಪಕ್ಕದ ಕಲ್ಲಿನ ಮೇಲೆ ಕೂತು ಅಂಗಡಿಯ ಸುದ್ದಿ ಹೇಳುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಗಂಡ ಹೆಂಡತಿ ಜಗಳವಿಲ್ಲದೆ ಅಷ್ಟು ಹೊತ್ತು ಮಾತಾಡಿದ್ದು ಆಗಲೇ. ಅವಳ ಬಾಯಿ ಟವೆಲ್ಲಿನೊಳಗಿತ್ತು ಎಂಬುದೂ ಅದಕ್ಕೆ ಕಾರಣವಿರಬಹುದು.

"ಇವತ್ತು ಚಪ್ಪಲಿ ಹೊಲಿಯೋನು ಹೇಳ್ದ, ಕರ್ಪೂರ..." ಎಂದು ಅವರು ಶುರು ಮಾಡಿದರೆ ಟವೆಲ್ಲಿನೊಳಗಿಂದ ಕೈಯೊಂದು ಬಂದು ಬೇಡವೆನ್ನುತ್ತಿತ್ತು.

ಎಡಗಡೆಯದು ಮೊದಲು. ಆರಂಭದ ದಿನಗಳು ನರಕವೇ. ಎಡ ಹೊಳ್ಳೆ ಕಲ್ಲಿನಂತೆ ಕೂತಿತ್ತು. ಬೆಳಿಗ್ಗೆ ಎದ್ದಾಗ ಮೊಟ್ಟೆಯಮ್ಮನ ಮುಖ ಊದಿರುತ್ತಿತ್ತು, ಮಾತೆಲ್ಲ ಮೂಗಿನಿಂದಲೇ ಬರುತ್ತಿತ್ತು. ಮಾರುಕಟ್ಟೆಯಲ್ಲಿ ಪಕ್ಕದ ತರಕಾರಿಯವಳು, "ನಿನ್ನ ಮೂಗಿಗೆ ಇಷ್ಟೆಲ್ಲ ಉಪಚಾರ ಯಾಕಮ್ಮ, ಎರಡು ಹನಿ ಬಿಟ್ಕೊಂಡ್ರೆ ಮುಗೀತು," ಎಂದರೆ, "ಹಾಗಂತಾನೇ ಇಷ್ಟು ವರ್ಷ ಮುಗೀಲಿಲ್ಲ," ಎಂದಳು.

ಒಂದು ಮುಂಜಾನೆ, ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಮೊಟ್ಟೆಯಮ್ಮ ಮಾರುಕಟ್ಟೆಯಲ್ಲಿ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಎಡಗಡೆ ಎಲ್ಲೋ ಏನೋ 'ಸುಯ್' ಎಂದಿತು. ಕೈ ನಿಲ್ಲಿಸಿದಳು. ಬಲ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ ಉಸಿರೆಳೆದಳು. ತಣ್ಣನೆಯ ಗಾಳಿ ಎಡಗಡೆಯಿಂದ ಒಳಗೆ ಬಂತು. ತೆಳ್ಳಗೆ, ದಾರದಂತೆ. ಆದರೆ ಬಂತು. ಇನ್ನೊಮ್ಮೆ ಎಳೆದಳು. ಮತ್ತೆ ಬಂತು.

"ಬಂತೇ!" ಎಂದು ತರಕಾರಿಯವಳ ಭುಜ ಹಿಡಿದು ಅಲ್ಲಾಡಿಸಿದಳು.

"ಏನು, ಲಾರಿನಾ?"

"ಉಸಿರು ಕಣೇ, ಉಸಿರು!"

ಆ ದಿನ ಮೊದಲು ಬಂದ ಗಿರಾಕಿಗಳಿಗೆಲ್ಲ ಒಂದೊಂದು ಮೊಟ್ಟೆ ಹೆಚ್ಚಿಗೆ ಸಿಕ್ಕಿತು. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಮನೆಗೆ ಬಂದು ಹೇಳಿದಾಗ ಸೊಸೆ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಎಡ ಹೊಳ್ಳೆಯೆದುರು ಸಣ್ಣ ಕನ್ನಡಿ ಹಿಡಿದಳು. ಕನ್ನಡಿಯ ಮೇಲೆ ಮಂಜಿನ ಒಂದು ಮಚ್ಚೆ ಮೂಡಿತು. ಇಬ್ಬರೂ ಅದನ್ನು ನಿಧಿ ಕಂಡಂತೆ ನೋಡಿದರು.

"ಪಾಸಾ?" ಎಂದಳು ಮೊಟ್ಟೆಯಮ್ಮ.

"ಅರ್ಧ ಪಾಸು. ಇನ್ನು ಬಲಗಡೆ."

ಬಲಗಡೆಯದು ಹಟಮಾರಿ. ಅದರ ಮೇಲೆ ನಿಜವಾದ ನೆಗಡಿಯೂ ಬಂದು ಕೂತಿತು. ಗಂಟಲು ನೋವು, ಸೀನು, ಹಣೆಭಾರ. ಹನಿ ಬಿಟ್ಟುಕೊಂಡರೆ ಕೇಳುವವರಿರಲಿಲ್ಲ, ಎಡಗಡೆ ಹೇಗೂ ಗೆದ್ದಾಗಿತ್ತು. ಒಂದು ಸಂಜೆ ಅವಳ ಕಾಲುಗಳು ತಾವಾಗಿ ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿದವು.

ಅಂಗಡಿಯವನು ಅವಳ ಮುಖ ನೋಡಿದವನೇ ಡ್ರಾಯರ್ ಎಳೆದ. "ಮಾಮೂಲಾ ಅಮ್ಮ?"

ಬಾಟ್ಲಿ ಗಾಜಿನ ಮೇಲೆ ಬಂದು ಕೂತಿತು. ಮೊಟ್ಟೆಯಮ್ಮ ಅದನ್ನು ನೋಡಿದಳು. ಬಾಯಿಯಲ್ಲಿ ನೀರೂರುವವರಿಗೆ ಹೇಗಾಗುತ್ತದೋ ಹಾಗೆ ಅವಳ ಮೂಗು ಅದಕ್ಕಾಗಿ ಹಾತೊರೆಯಿತು. ಆಗ ಕಣ್ಣ ಮುಂದೆ ಬಂದದ್ದು ನೊರೆ ಮೆತ್ತಿಕೊಂಡ ಆ ಗಿರಾಕಿಯ ಕೈಯಲ್ಲಿ ಕೇಕೆ ಹೊಡೆಯುತ್ತಿದ್ದ ಗುಬ್ಬಿ.

"ಮಾಮೂಲು ಸತ್ತು ಹೋಯ್ತು ಕಣಪ್ಪ," ಎಂದಳು. "ಒಳಗಿಡು ಅದನ್ನ. ಬರೀ ನೆಗಡಿ. ಮದ್ದು ತಗೊಂಡ್ರೆ ಏಳು ದಿನ, ತಗೊಳ್ದಿದ್ರೆ ಒಂದು ವಾರ."

ಮನೆಗೆ ಬಂದು ಹಬೆಯ ಪಾತ್ರೆ ತಾನೇ ಇಟ್ಟುಕೊಂಡಳು. ನೆಗಡಿ ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಯಿತು. ಹೋಗುವಾಗ ಬಲಗಡೆಯ ಬಾಗಿಲನ್ನೂ ತೆರೆದಿಟ್ಟು ಹೋಯಿತು. ಬೆಳಿಗ್ಗೆ ತೊಟ್ಟಿಯ ಬಳಿ ಒಂದು ಹೊಳ್ಳೆಯಿಂದ ಹೋದ ನೀರು ಇನ್ನೊಂದರಿಂದ ಕಾಲುವೆಯಂತೆ ಹರಿಯಿತು. ಯಜಮಾನರು ಹಲ್ಲುಜ್ಜುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು.

ಆದರೂ ಗುಬ್ಬಿಯ ವಿಷಯ ಯಾರೂ ಎತ್ತಲಿಲ್ಲ. ಕೊಡು ಎಂದು ಕೇಳಲು ಮೊಟ್ಟೆಯಮ್ಮನಿಗೆ ಬಿಗುಮಾನ. ತಗೊಳ್ಳಿ ಎಂದು ಹೇಳಲು ಸೊಸೆಗೆ ನಾಚಿಕೆ. ನಡುವೆ ಗುಬ್ಬಿ ಚಾಪೆಯ ಮೇಲೆ ತೆವಳುವುದನ್ನು ಕಲಿತು, ಅಜ್ಜಿಯ ಕಡೆಗೇ ತೆವಳಿ ಬಂದರೆ ಅಜ್ಜಿ ಕೈ ಹಿಂದೆ ಕಟ್ಟಿಕೊಂಡು, "ಅಮ್ಮನ ಹತ್ರ ಹೋಗು ಪುಟ್ಟಿ," ಎಂದು ಅಡುಗೆಮನೆಗೆ ನಡೆಯುತ್ತಿದ್ದಳು.

ರಜೆಯ ದಿನ. ನಾಲ್ವರೂ ಮನೆಯಲ್ಲಿದ್ದರು. ಮಗ ಟೇಬಲ್ ಫ್ಯಾನ್ ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಯಜಮಾನರು ಕತ್ತರಿಗಳನ್ನು ಸಾಣೆ ಹಿಡಿಯುತ್ತಿದ್ದರು. ನಡುಮನೆಯಲ್ಲಿ ಸೊಸೆ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟ್ಟೆ ಮಡಚುತ್ತಿದ್ದಳು. ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಮೊಟ್ಟೆಯಮ್ಮ ಥಟ್ಟನೆ ತಲೆಯೆತ್ತಿದಳು. ಮೂಗು ಅರಳಿತು. ಒಮ್ಮೆ ಎಳೆದಳು. ಇನ್ನೊಮ್ಮೆ ಎಳೆದಳು. ಬಟಾಣಿಯ ಮೊರ ಸರಿಸಿ ಎದ್ದು ಬಾಗಿಲಿಗೆ ಬಂದಳು.

"ಗುಬ್ಬಿ ಹೇತಿದೆ."

"ಇಲ್ಲ ಅತ್ತೆ," ಎಂದಳು ಸೊಸೆ. "ಈಗ ತಾನೆ ಬಟ್ಟೆ ಬದಲಾಯಿಸಿದೀನಿ."

"ಹೇತಿದೆ ಕಣೇ!"

"ನನ್ನ ತೊಡೆ ಮೇಲೇ ಇದೆ, ನನಗೇ ಗೊತ್ತಾಗ್ತಿಲ್ಲ. ನಿಮಗೆ ಅಷ್ಟು ದೂರಕ್ಕೆ..." ಎನ್ನುತ್ತಾ ಸೊಸೆ ಗುಬ್ಬಿಯನ್ನು ಮೇಲೆತ್ತಿ ನೋಡಿದಳು. ಅವಳ ಮುಖ ಅರಳಿತು. "ಅಯ್ಯೋ! ಹೌದು!"

"ಹೌದಾ?" ಎಂದು ಯಜಮಾನರು ಕತ್ತರಿ ಹಿಡಿದೇ ಎದ್ದು ನಿಂತರು.

"ಹೌದು ಮಾವ! ಚೂರೇ ಚೂರು!"

"ವಾಸನೆ ಬಂತು!" ಎಂದು ಮೊಟ್ಟೆಯಮ್ಮ ಕೂಗಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನನಗೆ ವಾಸನೆ ಬಂತು ಕಣ್ರೋ! ಥೂ, ಏನು ನಾತ! ಅಬ್ಬಾ, ಎಂಥಾ ನಾತ!"

ಮಗ ಎಣ್ಣೆಗೈಯಲ್ಲೇ ಅಮ್ಮನನ್ನು ತಬ್ಬಿ ಒಂದು ಸುತ್ತು ತಿರುಗಿಸಿದ. ಗುಬ್ಬಿ ತಾನು ಮಾಡಿದ ಘನಕಾರ್ಯಕ್ಕೇ ಇಷ್ಟು ಸಂಭ್ರಮವೆಂದು ತಿಳಿದು ಕೈ ಬಡಿಯಿತು.

ಸೊಸೆ ಎದ್ದು ಬಂದಳು. ಗುಬ್ಬಿಯನ್ನು ತೋಳುದ್ದ ದೂರದಲ್ಲಿ ಹಿಡಿದುಕೊಂಡು ಅತ್ತೆಯ ಮುಂದೆ ನಿಂತಳು. ಮೇಷ್ಟ್ರ ದನಿ ತಂದುಕೊಂಡಳು.

"ಮೊದಲು ಕಂಡುಹಿಡಿದೋರೇ ತೊಳೀಬೇಕು."

"ಇದ್ಯಾವ ಕಾನೂನೇ?"

"ಇವತ್ತಿಂದ ಈ ಮನೆ ಕಾನೂನು. ತಗೊಳ್ಳಿ ಅತ್ತೆ. ನಾಳೆ ಬೆಳಿಗ್ಗೆ ಪಾಠಕ್ಕೆ ಬರ್ತೀನಿ ಅಂತ ಸ್ಕೂಲಿಗೆ ಹೇಳಿಬಿಡ್ತೀನಿ."

ಮೊಟ್ಟೆಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂಸನ್ನು ತೆಗೆದುಕೊಂಡಳು. ತೊಳೆಯುವುದಿರಲಿ ಎಂದು ಮೊದಲು ಅದರ ನೆತ್ತಿಗೆ ಮೂಗು ಒತ್ತಿದಳು. ಹಾಲು, ಬೆವರು, ಸೋಪು, ಬಿಸಿಲಲ್ಲಿ ಒಣಗಿದ ಬಟ್ಟೆ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮೊಮ್ಮಗುವಿಗೆ ಇಂಥದೊಂದು ಪರಿಮಳವಿದೆಯೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಕಣ್ಣು ಮುಚ್ಚಿ, ಎರಡೂ ಹೊಳ್ಳೆ ತುಂಬ, ಎದೆಯ ತಳ ಮುಟ್ಟುವಂತೆ ಎಳೆದುಕೊಂಡಳು.

ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳು ಕಣ್ಣು ಬಿಟ್ಟಳು.

"ಏನು ಬಾಯಿ ಬಿಟ್ಕೊಂಡು ನಿಂತಿದೀರಿ ಎಲ್ಲರೂ? ಬಿಸಿನೀರು ತನ್ನಿ! ಆ ಒಗೆದ ಬಟ್ಟೆ ಕೊಡೇ! ರೀ, ಕತ್ತರಿ ಕೆಳಗಿಡ್ರಿ, ಮಗು ಇದೆ!" ಎನ್ನುತ್ತಾ ಮೊಟ್ಟೆಯಮ್ಮ ಗುಬ್ಬಿಯನ್ನು ಸೊಂಟಕ್ಕೇರಿಸಿ ಬಚ್ಚಲಿಗೆ ನಡೆದಳು. ಮೂವರೂ ಅವಳು ಹೇಳಿದ್ದನ್ನು ತರಲು ಒಂದೊಂದು ದಿಕ್ಕಿಗೆ ಓಡಿದರು.